697 ಇಂಜಿನ್ ಕೆಲಸ: ಪಿಸ್ಟನ್, ರಿಂಗ್ ಯಾವುದು ಹಾಕಿಸಲಿ?

ಕೋಟೆ_1210 (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ನಮ್ಮದು ಟಾಟಾ 1210 ಎಸ್‌ಇ. 697 ಇಂಜಿನ್, ಟರ್ಬೊ ಇಲ್ಲದ್ದು. ಅಪ್ಪನ ಕಾಲದ ಲಾರಿ. ಈಗ ದೂರದ ಲೋಡ್ ಬಿಟ್ಟಿದ್ದೇನೆ. ದುರ್ಗ, ಚಳ್ಳಕೆರೆ, ದಾವಣಗೆರೆ ಇಷ್ಟೇ ಓಡಾಟ. ಮೆಕ್ಕೆಜೋಳ, ಶೇಂಗಾ ಹಿಂಡಿ, ಸಿಕ್ಕರೆ ಇಟ್ಟಿಗೆ.

ಒಂದು ವರ್ಷದಿಂದ ಆಯಿಲ್ ತಿನ್ನುತ್ತಿದೆ. ಬ್ರೀದರ್ ಕೊಳವೆಯಲ್ಲಿ ಬ್ಯಾಕ್ ಕಂಪ್ರೆಷನ್, ಅಂದರೆ ರಿಂಗ್ ದಾಟಿ ಕೆಳಗೆ ಬರುವ ಗ್ಯಾಸ್, ಜೋರಾಗಿದೆ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಲೋಡ್ ಎಳೆಯುವಾಗ ನೀಲಿ ಹೊಗೆ. ಕೊನೆಗೆ ಇಂಜಿನ್ ಇಳಿಸಿದ್ದೇವೆ.

ಬೋರಿಂಗ್ ಶಾಪ್‌ನವರು ಗೇಜ್ ಇಟ್ಟು ಅಳೆದು ಕೊಟ್ಟ ಲೆಕ್ಕ ಹೀಗಿದೆ. ಬೋರ್ (ಸಿಲಿಂಡರ್ ಒಳಗಿನ ಅಗಲ) ಹಿಂದೆ ಯಾವಾಗಲೋ ಕೊರೆದು 0.50 ಓವರ್‌ಸೈಜ್ ಆಗಿದೆ, ಅಂದರೆ 97.50 ಮಿ.ಮೀ. ಈಗ ಮೇಲೆ, ಮೊದಲ ರಿಂಗ್ ಬಂದು ನಿಲ್ಲುವ ಜಾಗದಲ್ಲಿ 97.78. ಕೆಳಗೆ 97.56. 3 ಮತ್ತು 4ನೇ ಸಿಲಿಂಡರ್ ಇಷ್ಟು ಸವೆದಿವೆ, ಉಳಿದವು ಸ್ವಲ್ಪ ವಾಸಿ.

ಈಗ ಮೂರು ಜನ ಮೂರು ಥರ ಹೇಳುತ್ತಿದ್ದಾರೆ. ಅಂಗಡಿಯವರು ಹೊಸ ರಿಂಗ್ ಸೆಟ್ ಸಾಕು ಅಂತಾರೆ. ನಮ್ಮ ಮೆಕ್ಯಾನಿಕ್ 0.75ಗೆ ಬೋರ್ ಕೊಟ್ಟು ಹೊಸ ಪಿಸ್ಟನ್ ಹಾಕೋಣ ಅಂತಾರೆ. ಮಾವನ ಮಗ ಟರ್ಬೊ ಇಂಜಿನ್ನಿನ ಪಿಸ್ಟನ್ ಹಾಕಿಸು, ಗಟ್ಟಿ ಇರುತ್ತದೆ ಅಂತಾನೆ. ದುಡ್ಡು ಒಂದೇ ಸಲ ಹಾಕಬಲ್ಲೆ. ಅನುಭವ ಇರುವವರು ಹೇಳಿ.

ಪಿಬಿ_ರೋಡ್_ಮೆಕ್ಯಾನಿಕ್

ಮೊದಲು ಇಂಜಿನ್ 697 ಹೌದಾ ಅಂತ ನೋಡಿಕೊಳ್ಳಿ. ಹಳೆಯ 1210ಗಳಲ್ಲಿ 692 ಕೂಡ ಬಂದಿತ್ತು.

ಚಳ್ಳಕೆರೆ_ಹುಡುಗ

ಬೋರ್ 97.50 ಅಂತ ಬರೆದಿದ್ದಾರಲ್ಲ ಅಣ್ಣ. 692 ಆಗಿದ್ದರೆ 92 ಚಿಲ್ಲರೆ ಬರಬೇಕಿತ್ತು.

ಪಿಬಿ_ರೋಡ್_ಮೆಕ್ಯಾನಿಕ್

ಸರಿ, ಒಪ್ಪಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ನಂಬರ್‌ನಲ್ಲೇ ಲೆಕ್ಕ ಇದೆ. 692 ಅಂದರೆ 6 ಸಿಲಿಂಡರ್, 92 ಬೋರ್. 697 ಅಂದರೆ 6 ಸಿಲಿಂಡರ್, 97 ಬೋರ್. 407ರಲ್ಲಿ ಬಂದ 497 ಅಂದರೆ 4 ಸಿಲಿಂಡರ್, 97 ಬೋರ್.

ಹೊಳಲ್ಕೆರೆ_ಟಿಪ್ಪರ್

ಹಾಗಾದರೆ 407 ಪಿಸ್ಟನ್ನೂ ಇದಕ್ಕೆ ಕೂರುತ್ತಾ? ಎರಡಕ್ಕೂ 97 ಅಲ್ವಾ.

ಪಿಬಿ_ರೋಡ್_ಮೆಕ್ಯಾನಿಕ್

ಅಯ್ಯೋ ಬೇಡ. ಬೋರ್ ಒಂದೇ ಅಂದ ಮಾತ್ರಕ್ಕೆ ಪಿಸ್ಟನ್ ಒಂದೇ ಅಲ್ಲ. 697ರ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 128 ಮಿ.ಮೀ., 497ದು 100. ಪಿಸ್ಟನ್ನನ್ನು ರಾಡಿಗೆ ಹಿಡಿಯುವ ಗಜನ್ ಪಿನ್ನಿಂದ ತಲೆವರೆಗಿನ ಎತ್ತರ, ತಲೆಯಲ್ಲಿರುವ ಗುಂಡಿಯ ಆಕಾರ, ಪಿನ್ ದಪ್ಪ, ರಿಂಗ್ ಗಾಡಿಯ (ರಿಂಗ್ ಕೂರುವ ಕಚ್ಚಿನ) ಅಗಲ, ಎಲ್ಲಾ ನೋಡಬೇಕು. ಎತ್ತರ ಜಾಸ್ತಿ ಆದರೆ ಪಿಸ್ಟನ್ ಹೋಗಿ ಹೆಡ್‌ಗೆ ಬಡಿಯುತ್ತದೆ. ಕಮ್ಮಿ ಆದರೆ ಕಂಪ್ರೆಷನ್ ಬರಲ್ಲ, ಬಿಳಿ ಹೊಗೆ ಹಾಕುತ್ತದೆ.

ಹರಿಹರದ_ಲೇತ್

ಲಾರಿಯವರೇ, ನಿಮ್ಮ ಮೆಕ್ಯಾನಿಕ್ ಹೇಳಿದ 0.75 ಆಗುವುದೇ ಇಲ್ಲ. ನಿಮ್ಮ ಅಳತೆಯನ್ನೇ ಇನ್ನೊಮ್ಮೆ ನೋಡಿ. 0.75 ಓವರ್‌ಸೈಜ್ ಅಂದರೆ 97.75. ನಿಮ್ಮ ಬೋರ್ ಮೇಲ್ಗಡೆ ಈಗಾಗಲೇ 97.78 ಆಗಿದೆ. ಬೋರಿಂಗ್ ಟೂಲ್ ಆ ಜಾಗವನ್ನು ಮುಟ್ಟುವುದೇ ಇಲ್ಲ. ಕೆಳಗೆಲ್ಲ ಹೊಸ ಬೋರ್, ಮೇಲೆ ಹಳೇ ಸವೆತ ಹಾಗೇ ಉಳಿಯುತ್ತದೆ. ರಿಂಗ್ ಕೆಲಸ ಮಾಡಬೇಕಾದ್ದು ಅಲ್ಲೇ. ಬೋರ್ ಕೊಡುವುದೇ ಆದರೆ 1.00 ಮಿ.ಮೀ.ಗೇ ಹೋಗಬೇಕು, 98.00.

ಇನ್ನು ಬರೀ ರಿಂಗ್ ಹಾಕುವ ಮಾತು. ಮೇಲಿಗೂ ಕೆಳಗಿಗೂ 0.22 ವ್ಯತ್ಯಾಸ ಇದೆ ಅಲ್ವಾ? ಅದನ್ನು 3.14ರಿಂದ ಗುಣಿಸಿ. 0.69 ಬರುತ್ತದೆ. ಅಂದರೆ ಕೆಳಗೆ ಇದ್ದಾಗ ರಿಂಗ್ ಬಾಯಿ (ಎರಡು ತುದಿ ನಡುವಿನ ಸಂದು) 0.35 ತೆರೆದಿದ್ದರೆ ಮೇಲೆ ಬಂದಾಗ 1 ಮಿ.ಮೀ.ಗಿಂತ ಜಾಸ್ತಿ ತೆರೆಯುತ್ತದೆ. ಕಂಪ್ರೆಷನ್ ಬೇಕಾದ ಜಾಗದಲ್ಲೇ ಸೋರಿಕೆ. ಅಷ್ಟೇ ಅಲ್ಲ, ಪ್ರತಿ ಸ್ಟ್ರೋಕ್‌ಗೂ ರಿಂಗ್ ಅಗಲ ಆಗುತ್ತಾ ಕಿರಿದಾಗುತ್ತಾ ಗಾಡಿಯೊಳಗೆ ಉಜ್ಜುತ್ತದೆ. ಹೊಸ ರಿಂಗ್ ಹಾಕಿದ ಒಂದೆರಡು ತಿಂಗಳು ಚೆನ್ನಾಗಿದೆ ಅನಿಸುತ್ತದೆ, ಆಮೇಲೆ ಮತ್ತೆ ಅದೇ ಹೊಗೆ.

ಬೋರ್‌ನ ತುದಿಯಲ್ಲಿ ರಿಂಗ್ ಮುಟ್ಟದ ಕಡೆ ಒಂದು ಮೆಟ್ಟಿಲು ನಿಂತಿರುತ್ತದೆ. ಬೆರಳ ಉಗುರು ಎಳೆದರೆ ಸಿಗುತ್ತದೆ. ಹಳೇ ರಿಂಗಿನ ಅಂಚು ಸವೆದು ಅದಕ್ಕೆ ಹೊಂದಿಕೊಂಡಿರುತ್ತದೆ. ಹೊಸ ರಿಂಗಿನ ಅಂಚು ಚೂಪು. ಹೋಗಿ ಅದಕ್ಕೇ ಬಡಿಯುತ್ತದೆ. ರಿಂಗ್ ಮುರಿಯಬಹುದು, ಎರಡು ಗಾಡಿ ನಡುವಿನ ಅಲ್ಯೂಮಿನಿಯಂ ಕೂಡ ಒಡೆಯಬಹುದು.

ಸ್ಪೇರ್ಸ್_ಅಕ್ಕ (ದಾವಣಗೆರೆ)

ಈ ಗುಣಾಕಾರವನ್ನು ನಮ್ಮ ಅಂಗಡಿಗೆ ಬರುವವರಿಗೆಲ್ಲ ತೋರಿಸಬೇಕು. ಬೋರ್ ಅಳೆಸದೆ ಬಂದು 697 ರಿಂಗ್ ಸೆಟ್ ಕೊಡಿ ಅಂತಾರೆ. ಯಾವ ಸೈಜ್ ಅಂದರೆ ಸ್ಟ್ಯಾಂಡರ್ಡ್ ಇರಬಹುದು ಅಂತಾರೆ. ಪಿಸ್ಟನ್ ತಲೆ ಮೇಲೆ ಸೈಜ್ ಹೊಡೆದಿರುತ್ತದೆ, ಕರಿ ಕೆರೆದು ನೋಡಿ ಬನ್ನಿ ಅಂತ ವಾಪಸ್ ಕಳಿಸುತ್ತೇನೆ. ಕೆಲವರು ಕೋಪ ಮಾಡಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ.

ಲೆಕ್ಕ_ಪಕ್ಕಾ

ಇಷ್ಟೆಲ್ಲ ಯಾಕೆ? 8 ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್). ಟೈರ್, ಪೇಂಟು, ಇನ್ಶೂರೆನ್ಸ್ ಎಲ್ಲ ಸೇರಿಸಿ ನೋಡಿ. ಇಂಜಿನ್‌ಗೆ ಹಾಕುವ ದುಡ್ಡನ್ನು ಡೌನ್ ಪೇಮೆಂಟ್ ಮಾಡಿ ಸೆಕೆಂಡ್ ಹ್ಯಾಂಡ್ ಹೊಸ ಮಾಡೆಲ್ ತೆಗೆದುಕೊಳ್ಳಿ.

ಕೋಟೆ_1210 (ಚಿತ್ರದುರ್ಗ)

ಸರ್, ಈ ಲಾರಿ ಮೇಲೆ ಒಂದು ರೂಪಾಯಿ ಸಾಲ ಇಲ್ಲ. ತಿಂಗಳಲ್ಲಿ ಹತ್ತು ದಿನ ಲೋಡ್ ಸಿಗದಿದ್ದರೂ ರಾತ್ರಿ ನಿದ್ದೆ ಬರುತ್ತದೆ. ಕಂತು ಕಟ್ಟಲು ಆಗದೆ ಲಾರಿ ಬಿಟ್ಟುಕೊಟ್ಟವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಹಿರಿಯೂರು_ಟ್ಯಾಂಕರ್

ಸರಿಯಾಗಿ ಹೇಳಿದಿರಿ ಅಣ್ಣ. ಕೈಯಲ್ಲಿ ರಿಪೇರಿ ಆಗುವ ಇಂಜಿನ್ ಅದು. ಸೆನ್ಸರ್ ಇಲ್ಲ, ಲ್ಯಾಪ್‌ಟಾಪ್ ಬೇಡ.

ಲೆಕ್ಕ_ಪಕ್ಕಾ

ಸಾಲ ಇಲ್ಲ ಅಂದರೆ ನನ್ನ ಲೆಕ್ಕ ಬೇರೆ ಆಗುತ್ತದೆ. ಹತ್ತಿರದ ಓಡಾಟಕ್ಕೆ ಇಟ್ಟುಕೊಳ್ಳಿ. ಆದರೆ ಮಾಡಿಸುವುದಾದರೆ ಅರ್ಧಂಬರ್ಧ ಮಾಡಿಸಬೇಡಿ.

ಹೊಳಲ್ಕೆರೆ_ಟಿಪ್ಪರ್

ಟರ್ಬೊ ಪಿಸ್ಟನ್ ವಿಷಯ ಯಾರೂ ಹೇಳಲಿಲ್ಲ. ನಮ್ಮ ಕಡೆ ಹಾಕಿದವರು ಇದ್ದಾರೆ. ಓಡುತ್ತಿದೆ.

ಪಿಬಿ_ರೋಡ್_ಮೆಕ್ಯಾನಿಕ್

ಓಡುತ್ತಿರಬಹುದು. ಎಷ್ಟು ಡೀಸೆಲ್ ಕುಡಿಯುತ್ತಿದೆ, ಬೆಳಿಗ್ಗೆ ಎಷ್ಟು ಹೊತ್ತು ಸ್ಟಾರ್ಟರ್ ತಿರುಗಿಸುತ್ತಾರೆ ಅಂತ ಕೇಳಿ.

ಟರ್ಬೊ ಇಂಜಿನ್‌ಗೆ ಗಾಳಿ ಒತ್ತಿ ತುಂಬುತ್ತದೆ. ಅದಕ್ಕೆ ತಕ್ಕ ಹಾಗೆ ಗುಂಡಿಯ ಆಕಾರ, ಕಂಪ್ರೆಷನ್ ಲೆಕ್ಕ ಇಟ್ಟಿರುತ್ತಾರೆ. ಹೆಚ್ಚಾಗಿ ಟರ್ಬೊ ಇಲ್ಲದ್ದಕ್ಕಿಂತ ಕಂಪ್ರೆಷನ್ ಕಮ್ಮಿ ಇಡುತ್ತಾರೆ. ಅದೇ ಪಿಸ್ಟನ್ ಸಾದಾ ಇಂಜಿನ್‌ಗೆ ಹಾಕಿದರೆ ಚಳಿಯಲ್ಲಿ ಸ್ಟಾರ್ಟ್ ಆಗಲು ಇನ್ನೂ ಕಷ್ಟ. ಇನ್ನೊಂದು, ಟರ್ಬೊ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ ಕೆಳಗಿನಿಂದ ಆಯಿಲ್ ಚಿಮ್ಮಿಸಿ ತಂಪು ಮಾಡುವ ಜೆಟ್ ಇರುತ್ತದೆ. ಆ ಪಿಸ್ಟನ್ ಅದನ್ನು ನಂಬಿಕೊಂಡೇ ಮಾಡಿದ್ದು. ಗಟ್ಟಿ ಅನ್ನುವ ಒಂದೇ ಮಾತಿಗೆ ಹಾಕಬೇಡಿ. ಇಂಜಿನ್ ನಂಬರ್ ತೆಗೆದುಕೊಂಡು ಹೋಗಿ, ಪಾರ್ಟ್ ನಂಬರ್ ನೋಡಿ ತನ್ನಿ.

ಸ್ಪೇರ್ಸ್_ಅಕ್ಕ (ದಾವಣಗೆರೆ)

ಇದಕ್ಕೆ ನನ್ನದೊಂದು ಸೇರಿಸುತ್ತೇನೆ. 697 ಅಂತ ಕೇಳಿದರೆ ನಮ್ಮ ರ‍್ಯಾಕ್‌ನಲ್ಲಿ ಹಲವು ಥರ ಇವೆ. ಸಾದಾ, ಟರ್ಬೊ, ಟರ್ಬೊ ಇಂಟರ್‌ಕೂಲರ್. ಹೊರಗಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಹಳೇ ಪಿಸ್ಟನ್ ಒಂದನ್ನು ತೊಳೆದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಪಕ್ಕದಲ್ಲಿಟ್ಟು ಎತ್ತರ, ಪಿನ್ ತೂತು, ಗುಂಡಿ, ಗಾಡಿ ಎಲ್ಲ ಹೋಲಿಸಿಯೇ ಬಿಲ್ ಹಾಕುತ್ತೇನೆ.

ಪಿಸ್ಟನ್ ಒಂದು ಕಂಪನಿ, ರಿಂಗ್ ಇನ್ನೊಂದು ಕಂಪನಿ ಮಾಡುವಾಗ ಜಾಗ್ರತೆ. ಮೇಲಿನ ರಿಂಗ್ ಕೆಲವದರಲ್ಲಿ ಚೌಕ ಅಂಚು, ಕೆಲವದರಲ್ಲಿ ಓರೆ ಅಂಚು. ಓರೆ ಗಾಡಿಗೆ ಚೌಕ ರಿಂಗ್ ಕೂರಲ್ಲ. ದಪ್ಪದಲ್ಲೂ ವ್ಯತ್ಯಾಸ ಇರುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಬರುವ ಸೆಟ್ ತೆಗೆದುಕೊಂಡರೆ ಈ ತಲೆನೋವು ಇಲ್ಲ.

ಚಳ್ಳಕೆರೆ_ಹುಡುಗ

ಅಕ್ಕಾ ಯಾವ ಕಂಪನಿ ಒಳ್ಳೆಯದು ಅಂತ ನೇರವಾಗಿ ಹೇಳಿ.

ಸ್ಪೇರ್ಸ್_ಅಕ್ಕ (ದಾವಣಗೆರೆ)

ಟಾಟಾದ ಜೆನ್ಯುಯಿನ್ ಸಿಕ್ಕರೆ ಅದು. ಇಲ್ಲದಿದ್ದರೆ ಗೋಟ್ಜೆ, ಚೆನ್ನೈನ ಇಂಡಿಯಾ ಪಿಸ್ಟನ್ಸ್, ಶ್ರೀರಾಮ್ ಪಿಸ್ಟನ್ಸ್‌ನವರ ಉಷಾ, ಇವು ಯಾವುದಾದರೂ ಆಗುತ್ತದೆ. ಗೋಟ್ಜೆಯವರ ಒಂದು ಫ್ಯಾಕ್ಟರಿ ನಮ್ಮ ಯಲಹಂಕದಲ್ಲೇ ಇದೆ. ಇವುಗಳಲ್ಲಿ ಯಾವುದು ಮೇಲು ಅಂತ ಜಗಳ ಆಡುವುದಕ್ಕಿಂತ ಪೆಟ್ಟಿಗೆಯೊಳಗೆ ಇರುವುದು ಅಸಲಿಯೋ ನಕಲಿಯೋ ಅನ್ನುವುದು ಮುಖ್ಯ. ಅರ್ಧ ಬೆಲೆಗೆ ಯಾರೂ ಅಸಲಿ ಕೊಡಲ್ಲ. ಬಿಲ್ ಇಲ್ಲದೆ ತರಬೇಡಿ. ಪೆಟ್ಟಿಗೆ ಮೇಲಿನ ನಂಬರ್ ಮತ್ತು ಪಿಸ್ಟನ್ ಮೇಲಿನ ಗುರುತು ತಾಳೆ ಆಗಬೇಕು. ಆರೂ ಪಿಸ್ಟನ್ ತೂಕ ಮಾಡಿಸಿ. ಅಸಲಿ ಸೆಟ್‌ನಲ್ಲಿ ಕೆಲವೇ ಗ್ರಾಂ ಹೆಚ್ಚುಕಮ್ಮಿ ಇರುತ್ತದೆ. ಬಂಗಾರದಂಗಡಿ ತಕ್ಕಡಿ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಹೊಳಲ್ಕೆರೆ_ಟಿಪ್ಪರ್

ಡೀಸೆಲ್ ಪಿಸ್ಟನ್‌ನಲ್ಲಿ ಮೇಲಿನ ಗಾಡಿಗೆ ಕಬ್ಬಿಣದ ಬಳೆ ಕೂರಿಸಿರುತ್ತಾರೆ. ನಕಲಿಯಲ್ಲಿ ಅದು ಇರಲ್ಲ, ಬರೀ ಅಲ್ಯೂಮಿನಿಯಂ. ಬೇಗ ಗಾಡಿ ಅಗಲ ಆಗಿ ರಿಂಗ್ ಅಲ್ಲಾಡುತ್ತದೆ. ಆಯಸ್ಕಾಂತ ಇಟ್ಟು ನೋಡಿ, ಹಿಡಿಯದಿದ್ದರೆ ನಕಲಿ.

ಹರಿಹರದ_ಲೇತ್

ಮೊದಲ ಮಾತು ಸರಿ, ಆಯಸ್ಕಾಂತದ ಮಾತು ತಪ್ಪು. ಆ ಬಳೆ ಮಾಡುವುದು ನಿಕಲ್ ಜಾಸ್ತಿ ಸೇರಿಸಿದ ಬೀಡುಕಬ್ಬಿಣದಿಂದ. ಬಿಸಿಗೆ ಅಲ್ಯೂಮಿನಿಯಂ ಹೆಚ್ಚುಕಮ್ಮಿ ಎಷ್ಟು ಹಿಗ್ಗುತ್ತದೋ ಅದಕ್ಕೆ ಹತ್ತಿರ ಹಿಗ್ಗಲಿ ಅಂತ ಆ ಲೋಹ. ಅದಕ್ಕೆ ಆಯಸ್ಕಾಂತ ಹಿಡಿಯುವುದಿಲ್ಲ. ನಿಮ್ಮ ಪರೀಕ್ಷೆ ಮಾಡಿದರೆ ಅಸಲಿ ಪಿಸ್ಟನ್ನೂ ನಕಲಿ ಅಂತ ವಾಪಸ್ ಕೊಡಬೇಕಾಗುತ್ತದೆ. ಮೇಲಿನ ಗಾಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಯೂಮಿನಿಯಂ ಬೆಳ್ಳಗೆ, ಬಳೆ ಕಪ್ಪು ಬೂದು. ಎರಡೂ ಸೇರುವ ಗೆರೆ ಸುತ್ತಲೂ ಕಾಣುತ್ತದೆ.

ಹೊಳಲ್ಕೆರೆ_ಟಿಪ್ಪರ್

ಇದು ಗೊತ್ತಿರಲಿಲ್ಲ ಯಜಮಾನ್ರೇ. ನಮ್ಮ ಶೆಡ್‌ನಲ್ಲಿ ಎಲ್ಲರೂ ಆಯಸ್ಕಾಂತವನ್ನೇ ಇಡುತ್ತಾರೆ. ಹೇಳುತ್ತೇನೆ.

ಹಿರಿಯೂರು_ಟ್ಯಾಂಕರ್

ಎಲ್ಲರೂ ಪಿಸ್ಟನ್ ಬಗ್ಗೆ ಮಾತಾಡುತ್ತಿದ್ದೀರಿ. ಬೋರ್ ಯಾಕೆ ಸವೆಯಿತು ಅಂತ ಯಾರೂ ಕೇಳಲಿಲ್ಲ. ಮೇಲ್ಗಡೆ ಇಷ್ಟು ಸವೆಯಲು ಮುಖ್ಯ ಕಾರಣ ಧೂಳು. ನಮ್ಮ ಜಿಲ್ಲೆಯ ಧೂಳು ಗೊತ್ತಲ್ಲ, ಅದರಲ್ಲೂ ಹೊಳಲ್ಕೆರೆ, ಹೊಸದುರ್ಗದ ಗಣಿ ರಸ್ತೆ.

ನಮ್ಮ ಪರಿಚಯದವರ ಟ್ಯಾಂಕರ್ ಒಂದಕ್ಕೆ ಫುಲ್ ಕೆಲಸ ಮಾಡಿಸಿದರು. ಹೊಸ ಸ್ಲೀವ್ (ಬೋರ್ ಒಳಗೆ ಕೂರಿಸುವ ಕೊಳವೆ), ಒಳ್ಳೇ ಕಂಪನಿ ಪಿಸ್ಟನ್, ಎಲ್ಲ ಹೊಸದು. ಒಂದು ಬೇಸಿಗೆ ಮುಗಿಯುವುದರೊಳಗೆ ಮತ್ತೆ ಬ್ಯಾಕ್ ಕಂಪ್ರೆಷನ್. ಪಿಸ್ಟನ್ ಕಂಪನಿಯನ್ನು ಬೈದಿದ್ದೇ ಬೈದಿದ್ದು. ಕೊನೆಗೆ ನೋಡಿದರೆ ಏರ್ ಕ್ಲೀನರ್‌ನಿಂದ ಇಂಜಿನ್‌ಗೆ ಬರುವ ರಬ್ಬರ್ ಹೋಸು ಕ್ಲಿಪ್ ಕೆಳಗೆ ಸೀಳಿತ್ತು. ಇಂಜಿನ್ ಕೂರಿಸಿದ ಶೆಡ್‌ನವರು ಹಳೇ ಹೋಸನ್ನೇ ತಿರುಚಿ ಬಿಗಿದಿದ್ದರು. ಫಿಲ್ಟರ್ ದಾಟಿದ ಮೇಲೆ ಧೂಳು ಒಳಗೆ ಹೋದರೆ ಯಾವ ರಿಂಗ್ ತಡೆಯುತ್ತದೆ ಹೇಳಿ?

ಕೋಟೆ ಅಣ್ಣ, ನಿಮ್ಮದರಲ್ಲಿ ಆಯಿಲ್ ಬಾತ್ ಏರ್ ಕ್ಲೀನರ್ ಇದ್ದರೆ ಬಟ್ಟಲು ಬಿಚ್ಚಿ ನೋಡಿ. ತಳದಲ್ಲಿ ಕೆಸರು ಗಟ್ಟಿಯಾಗಿದ್ದರೆ ಅಲ್ಲೇ ಉತ್ತರ ಇದೆ. ಹೋಸಿನ ಒಳಗೆ ಬೆರಳಾಡಿಸಿ. ಮರಳು ಸಿಕ್ಕರೆ ಮೊದಲು ಹೋಸು ಬದಲಾಯಿಸಿ, ಆಮೇಲೆ ಪಿಸ್ಟನ್.

ಪಂಪ್_ರೂಮ್_ದುರ್ಗ

ಧೂಳು ಆಗಿದ್ದರೆ ಆರೂ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಥರ ಸವೆಯಬೇಕಿತ್ತು. ಇವರದು 3, 4 ಜಾಸ್ತಿ. ನಾಝಲ್ ನೋಡಿಸಿ. ನಾಝಲ್ ಸರಿಯಾಗಿ ಸ್ಪ್ರೇ ಮಾಡದೆ ತೊಟ್ಟಿಕ್ಕಿದರೆ ಡೀಸೆಲ್ ಬೋರ್ ಗೋಡೆಗೆ ಇಳಿದು ಆಯಿಲ್ ಪದರವನ್ನು ತೊಳೆದು ಹಾಕುತ್ತದೆ. ಒಣ ಗೋಡೆ ಮೇಲೆ ರಿಂಗ್ ಓಡುತ್ತದೆ. ಪಿಸ್ಟನ್ ತಲೆಯೂ ಒಂದು ಕಡೆ ಸುಡುತ್ತದೆ. 3, 4ರ ಪಿಸ್ಟನ್ ತಲೆ ಹೇಗಿದೆ?

ಹಿರಿಯೂರು_ಟ್ಯಾಂಕರ್

ಮ್ಯಾನಿಫೋಲ್ಡ್‌ಗೆ ಗಾಳಿ ಬರುವ ಬಾಯಿ ಎಲ್ಲಿದೆಯೋ ಅದಕ್ಕೆ ಹತ್ತಿರದ ಸಿಲಿಂಡರ್‌ಗೆ ಧೂಳು ಜಾಸ್ತಿ ಹೋಗುವುದೂ ಉಂಟು. ಎರಡನ್ನೂ ನೋಡಲಿ.

ಪಂಪ್_ರೂಮ್_ದುರ್ಗ

ಅದೂ ಸರಿ. ಹೊಸ ಪಿಸ್ಟನ್ ಹಾಕಿ ಹಳೇ ನಾಝಲ್ ಹಾಗೇ ಕೂರಿಸಬೇಡಿ ಅಂತಷ್ಟೇ ನಾನು ಹೇಳುವುದು.

ಜಗಳೂರು_ಟ್ರ್ಯಾಕ್ಟರ್

ನೀರಿನ ಟ್ಯಾಂಕರ್ ಕೆಲಸ ಈಗ ಹೇಗಿದೆ ಹಿರಿಯೂರಿನಲ್ಲಿ? 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಾವೆಲ್ಲ ನೋಡಲು ಬಂದಿದ್ದೆವು.

ಹಿರಿಯೂರು_ಟ್ಯಾಂಕರ್

89 ವರ್ಷ ಆದ ಮೇಲೆ ಬಿದ್ದ ಕೋಡಿ ಅಲ್ವಾ ಅದು. 1933ರಲ್ಲಿ ಬಿದ್ದಿದ್ದು ಬಿಟ್ಟರೆ ಅದೇ. ಆಮೇಲೆ 2025ರ ಜನವರಿಯಲ್ಲೂ ಬಿತ್ತು. ನೀರು ಇದ್ದರೆ ನಮಗೆ ಬಾಡಿಗೆ ಕಮ್ಮಿ, ಆದರೂ ಕೆರೆ ತುಂಬಿದರೆ ಖುಷಿಯೇ.

ಕೋಟೆ_1210 (ಚಿತ್ರದುರ್ಗ)

ಎಲ್ಲರೂ ಹೇಳಿದ್ದನ್ನು ಇವತ್ತು ಶೆಡ್‌ನಲ್ಲಿ ಒಂದೊಂದಾಗಿ ನೋಡಿದೆವು. ಏರ್ ಕ್ಲೀನರ್ ಬಟ್ಟಲಲ್ಲಿ ಕೆಸರು ಇದೆ, ಆದರೆ ಹೋಸು ಒಳಗೆ ಚೊಕ್ಕ. 3ನೇ ಪಿಸ್ಟನ್ ತಲೆ ಒಂದು ಕಡೆ ಬೂದಿ ಬಣ್ಣ, ಇನ್ನೊಂದು ಕಡೆ ಒದ್ದೆ ಕರಿ. 4ನೆಯದೂ ಸ್ವಲ್ಪ ಹಾಗೇ. 3ನೇ ಪಿಸ್ಟನ್ ಸ್ಕರ್ಟ್ (ರಿಂಗ್ ಕೆಳಗಿನ ಮೈ) ಮೇಲೆ ಉಜ್ಜಿದ ಗುರುತು ನೇರವಾಗಿಲ್ಲ. ಒಂದು ಕಡೆ ಮೇಲ್ಭಾಗದಲ್ಲಿ, ಎದುರು ಕಡೆ ಕೆಳಭಾಗದಲ್ಲಿ ಇದೆ. ಇದು ಏನು?

ಪಿಬಿ_ರೋಡ್_ಮೆಕ್ಯಾನಿಕ್

ಕನೆಕ್ಟಿಂಗ್ ರಾಡ್ ಬಾಗಿದೆ. ಹೀಗೆ ಓರೆಯಾಗಿ ಗುರುತು ಬಂದರೆ ಹೆಚ್ಚಾಗಿ ಅದೇ. ಆರೂ ರಾಡ್ ಅಲೈನ್‌ಮೆಂಟ್ ನೋಡಿಸಿ. ಸ್ಮಾಲ್ ಎಂಡ್ ಬುಷ್ ಹೊಸದು ಹಾಕಿ ರೀಮರ್ ಹೊಡೆಸಿ. ಬಾಗಿದ ರಾಡಿಗೆ ಎಷ್ಟು ಒಳ್ಳೇ ಪಿಸ್ಟನ್ ಹಾಕಿದರೂ ಅದು ಬೋರ್‌ನಲ್ಲಿ ಓರೆಯಾಗೇ ಓಡುತ್ತದೆ, ರಿಂಗ್ ಮುಖ ಪೂರ್ತಿ ಗೋಡೆಗೆ ಕೂರಲ್ಲ.

ಪಂಪ್_ರೂಮ್_ದುರ್ಗ

ಒದ್ದೆ ಕರಿ ಅಂದರೆ ನಾಝಲ್. ಆರೂ ತಂದು ಟೆಸ್ಟ್ ಮಾಡಿಸಿ, ಪಂಪ್ ಕೂಡ ಕ್ಯಾಲಿಬ್ರೇಶನ್‌ಗೆ ಹಾಕಿ.

ಹರಿಹರದ_ಲೇತ್

ಇನ್ನೊಂದು ನೋಡಿ. ಬ್ಲಾಕ್ ಮೇಲ್ಮೈ ಚೆನ್ನಾಗಿ ತೊಳೆದು ಬೋರ್ ಸುತ್ತ ಒಂದು ಸಣ್ಣ ಗೆರೆ ಬಳೆಯ ಹಾಗೆ ಕಾಣುತ್ತದಾ? ಕಂಡರೆ ಸ್ಲೀವ್ ಹಾಕಿದ್ದಾರೆ. ಕಾಣದಿದ್ದರೆ ಬ್ಲಾಕಿನದೇ ಬೋರ್.

ಕೋಟೆ_1210 (ಚಿತ್ರದುರ್ಗ)

ಗೆರೆ ಇದೆ ಸರ್. ಆರಕ್ಕೂ ಇದೆ.

ಹರಿಹರದ_ಲೇತ್

ಹಾಗಾದರೆ ನನ್ನ ಮಾತು ಕೇಳುವುದಾದರೆ 1.00ಗೆ ಹೋಗಬೇಡಿ. ಹಳೇ ಸ್ಲೀವ್ ತೆಗೆಸಿ, ಹೊಸ ಸ್ಲೀವ್ ಪ್ರೆಸ್ ಮಾಡಿಸಿ, ಸ್ಟ್ಯಾಂಡರ್ಡ್ 97ಗೆ ಬೋರ್, ಹೋನಿಂಗ್ (ಕಲ್ಲಿನಿಂದ ಉಜ್ಜಿ ಸಣ್ಣ ಗೆರೆ ಮೂಡಿಸುವುದು) ಮಾಡಿಸಿ. ಸ್ಟ್ಯಾಂಡರ್ಡ್ ಪಿಸ್ಟನ್ ಎಲ್ಲಿ ಬೇಕಾದರೂ ಸಿಗುತ್ತದೆ. ಮುಂದೆ ಮತ್ತೆ 0.50ಗೆ ಹೋಗಲು ಜಾಗವೂ ಉಳಿಯುತ್ತದೆ.

ಪಿಬಿ_ರೋಡ್_ಮೆಕ್ಯಾನಿಕ್

ಯಜಮಾನ್ರೇ, ಇದಕ್ಕೆ ನಾನು ಒಪ್ಪಲ್ಲ. 98.00ಗೆ ಬೋರ್ ಕೊಟ್ಟರೆ ಸ್ಲೀವ್ ಖರ್ಚು, ತೆಗೆಯುವ ಕೂಲಿ, ಪ್ರೆಸ್ ಕೂಲಿ ಎಲ್ಲ ಉಳಿಯುತ್ತದೆ. ಹತ್ತಿರದ ಓಡಾಟದ ಲಾರಿಗೆ 1.00 ಧಾರಾಳ ಸಾಕು. ನಾವು ಮಾಡಿ ಕೊಟ್ಟ ಇಂಜಿನ್‌ಗಳು ಈಗಲೂ ಎಪಿಎಂಸಿಯಲ್ಲಿ ಲೋಡ್ ಹೊರುತ್ತಿವೆ.

ಹರಿಹರದ_ಲೇತ್

ಬ್ಲಾಕಿನದೇ ಬೋರ್ ಆಗಿದ್ದರೆ ನಾನೂ 1.00 ಅಂತಲೇ ಹೇಳುತ್ತಿದ್ದೆ. ಇದು ಸ್ಲೀವ್. ಹಿಂದೆ ಯಾರು ಹಾಕಿದರು, ಎಷ್ಟು ಬಿಗಿ ಇಟ್ಟರು, ಬ್ಲಾಕಿಗೆ ಪೂರ್ತಿ ಅಂಟಿದೆಯಾ ಏನೂ ಗೊತ್ತಿಲ್ಲ. ಗೋಡೆ ತೆಳ್ಳಗಾದಷ್ಟೂ ಅದು ಬಿಸಿಗೆ ಆಕಾರ ಕೆಡುವುದು ಜಾಸ್ತಿ. ಸ್ಲೀವ್ ಬ್ಲಾಕಿಗೆ ಸರಿಯಾಗಿ ಅಂಟದ ಜಾಗದಲ್ಲಿ ಬಿಸಿ ನೀರಿಗೆ ದಾಟುವುದಿಲ್ಲ. ಅಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇವರು ಒಂದೇ ಸಲ ದುಡ್ಡು ಹಾಕಬಲ್ಲೆ ಅಂದಿದ್ದಾರೆ, ಅದಕ್ಕೇ ಹೇಳಿದೆ.

ಸ್ಲೀವ್‌ನ್ನು ಸುತ್ತಿಗೆಯಲ್ಲಿ ಹೊಡೆದು ಇಳಿಸಲು ಬಿಡಬೇಡಿ. ಬ್ಲಾಕಿನ ತೂತು ಅಳೆದು, ಸ್ಲೀವ್ ಹೊರಮೈ ಅಳೆದು, ಬಿಗಿ ಎಷ್ಟು ಅಂತ ನೋಡಿ ಪ್ರೆಸ್‌ನಲ್ಲೇ ಇಳಿಸಬೇಕು. ಒಳಗೆ ಹೋದ ಮೇಲೆ ಅದು ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಬೋರ್ ಕೊಡುವುದು ಪ್ರೆಸ್ ಆದ ಮೇಲೆ.

ಪಿಬಿ_ರೋಡ್_ಮೆಕ್ಯಾನಿಕ್

ಸ್ಲೀವ್ ಗೋಡೆ ದಪ್ಪ ಅಳೆದು ನಿರ್ಧಾರ ಮಾಡಬಹುದಿತ್ತು. ಆದರೆ ಹಳೇ ಸ್ಲೀವ್ ಅಂಟಿದೆಯಾ ಅನ್ನುವ ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ದುಡ್ಡು ಹೊಂದಿಸಲು ಆದರೆ ಸ್ಲೀವ್ ಹಾಕಿಸಲಿ.

ಚಳ್ಳಕೆರೆ_ಹುಡುಗ

ಹರಿಹರದ ಯಜಮಾನ್ರೇ, ನೀವು ಕಿರ್ಲೋಸ್ಕರ್‌ನಲ್ಲಿ ಕೆಲಸ ಮಾಡಿದವರಾ?

ಹರಿಹರದ_ಲೇತ್

ನಮ್ಮ ತಂದೆ ಮಾಡಿದರು. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾದ ಕಂಪನಿ. ಅಲ್ಲಿ ಮಾಡಿದ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಈಗಲೂ ತಿರುಗುತ್ತಿವೆ. ನಾನು ಟರ್ನಿಂಗ್ ಕಲಿತದ್ದು ಮನೆ ಹಿಂದಿನ ಶೆಡ್‌ನಲ್ಲಿ, ಅಲ್ಲಿನದೇ ಲೇತ್ ಮೇಲೆ. ಹರಿಹರದಲ್ಲಿ ಮೈಕ್ರೋಮೀಟರ್ ಹಿಡಿಯಲು ಬರುವ ಕೈಗಳು ಇಷ್ಟಿದ್ದರೆ ಅದಕ್ಕೆ ಆ ಫ್ಯಾಕ್ಟರಿಯೇ ಕಾರಣ. ಅದು ಮುಚ್ಚಿದ್ದು ನಮ್ಮ ಊರಿಗೆ ದೊಡ್ಡ ನಷ್ಟ.

ಲೆಕ್ಕ_ಪಕ್ಕಾ

ಇದು ಮಾತ್ರ ನೂರಕ್ಕೆ ನೂರು ನಿಜ.

ಕೋಟೆ_1210 (ಚಿತ್ರದುರ್ಗ)

ಸ್ಲೀವ್ ಹಾಕಿಸುತ್ತೇನೆ, ಸ್ಟ್ಯಾಂಡರ್ಡ್‌ಗೇ ಹೋಗುತ್ತೇನೆ. ರಾಡ್, ನಾಝಲ್ ಎರಡನ್ನೂ ಕೊಟ್ಟಿದ್ದೇನೆ. 3ನೇ ರಾಡ್ ಬಾಗಿರುವುದು ನಿಜ. ಶನಿವಾರ ದಾವಣಗೆರೆಗೆ ಬಂದು ಪಿಸ್ಟನ್ ತರುತ್ತೇನೆ. ರಿಂಗ್ ಕ್ರೋಮ್ ತಗೋಬೇಕಾ, ಸಾದಾ ತಗೋಬೇಕಾ? ಬಾಯಿ ಗ್ಯಾಪ್ ಎಷ್ಟು ಇಡಿಸಬೇಕು?

ಚಳ್ಳಕೆರೆ_ಹುಡುಗ

ಶನಿವಾರ ಬಂದರೆ ಬೆಣ್ಣೆ ದೋಸೆ ತಿಂದು ಹೋಗಿ ಅಣ್ಣ.

ಸ್ಪೇರ್ಸ್_ಅಕ್ಕ (ದಾವಣಗೆರೆ)

ಮೇಲಿನ ರಿಂಗ್ ಕ್ರೋಮ್ ತೆಗೆದುಕೊಳ್ಳಿ. ಧೂಳಿನ ಸೀಮೆಗೆ ಅದು ತಾಳುತ್ತದೆ. ಆದರೆ ಸ್ಲೀವ್ ಸಾದಾ ಬೀಡುಕಬ್ಬಿಣದ್ದೇ ಇರಬೇಕು. ಕ್ರೋಮ್ ಹಾಕಿದ ಸ್ಲೀವ್‌ಗೆ ಕ್ರೋಮ್ ರಿಂಗ್ ಹಾಕಿದರೆ ಎರಡೂ ಒಂದನ್ನೊಂದು ಕೆರೆಯುತ್ತವೆ. ಸ್ಲೀವ್ ಮತ್ತು ರಿಂಗ್ ಬೇರೆ ಬೇರೆ ಕಡೆ ತರುವವರು ಇದನ್ನೇ ಮರೆಯುತ್ತಾರೆ.

ಹರಿಹರದ_ಲೇತ್

ಗ್ಯಾಪ್ ವಿಷಯ. ಮ್ಯಾನ್ಯುಯಲ್ ಅಥವಾ ರಿಂಗ್ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದದ್ದೇ ಕೊನೆ ಮಾತು. ಚೀಟಿ ಇಲ್ಲದಿದ್ದರೆ 100 ಮಿ.ಮೀ. ಬೋರ್‌ಗೆ 0.30ರಿಂದ 0.40 ಅನ್ನುವುದು ಸಾಮಾನ್ಯ ಲೆಕ್ಕ. ರಿಂಗನ್ನು ಬೋರ್ ಒಳಗೆ ಹಾಕಿ, ಪಿಸ್ಟನ್ ತಲೆಯಿಂದ ಒತ್ತಿ ನೇರ ಮಾಡಿ, ಫೀಲರ್ ಗೇಜ್ ಇಟ್ಟು ನೋಡಿ. ಹೊಸ ಪೆಟ್ಟಿಗೆಯದು ಅಂತ ನೋಡದೆ ಹಾಕಬೇಡಿ. ಗ್ಯಾಪ್ ಸ್ವಲ್ಪ ಜಾಸ್ತಿ ಆದರೆ ಸ್ವಲ್ಪ ಗ್ಯಾಸ್ ಸೋರುತ್ತದೆ, ಅಷ್ಟೇ. ಕಮ್ಮಿ ಆದರೆ ಬಿಸಿಗೆ ರಿಂಗ್ ಹಿಗ್ಗಿ ಎರಡು ತುದಿ ಒಂದಕ್ಕೊಂದು ಒತ್ತಿ ಬೋರ್ ಗೀರುತ್ತದೆ.

ಪಿಸ್ಟನ್ ಅಳೆಯುವುದೂ ಹೇಳಿಬಿಡುತ್ತೇನೆ. ಪಿಸ್ಟನ್ ಗುಂಡಗಿರುವುದಿಲ್ಲ. ಸ್ವಲ್ಪ ಮೊಟ್ಟೆಯಾಕಾರ, ಮೇಲೆ ಕಿರಿದು, ಕೆಳಗೆ ಅಗಲ. ಪಿನ್ನಿಗೆ ಅಡ್ಡಲಾಗಿ, ಸ್ಕರ್ಟ್ ಹತ್ತಿರ ಅಳೆಯಬೇಕು. ತಲೆ ಮೇಲಿನ ಗುರುತು ಹೆಚ್ಚಾಗಿ ಬೋರ್ ಸೈಜ್. ಮೈಕ್ರೋಮೀಟರ್ ಹಿಡಿದರೆ ಅದಕ್ಕಿಂತ ಸ್ವಲ್ಪ ಕಮ್ಮಿ ಬರುತ್ತದೆ, ಅದೇ ಕ್ಲಿಯರೆನ್ಸ್. ಪಿಸ್ಟನ್‌ಗಳನ್ನು ಕೈಗೆ ತಂದ ಮೇಲೇ ಬೋರ್ ಕೊಡಿಸಿ, ಒಂದೊಂದು ಪಿಸ್ಟನ್‌ಗೆ ಒಂದೊಂದು ಬೋರ್ ಹೊಂದಿಸಲು ಹೇಳಿ.

ಪಿಬಿ_ರೋಡ್_ಮೆಕ್ಯಾನಿಕ್

ಹೋನಿಂಗ್ ಆದ ಮೇಲೆ ಬರೀ ಡೀಸೆಲ್‌ನಲ್ಲಿ ಒರೆಸಿ ಬಿಡುತ್ತಾರೆ. ಅದು ಸಾಲದು. ಕಲ್ಲಿನ ಪುಡಿ ಗೆರೆಗಳಲ್ಲಿ ಉಳಿಯುತ್ತದೆ. ಬಿಸಿ ನೀರು, ಸೋಪಿನ ಪುಡಿ, ಬ್ರಷ್ ಹಾಕಿ ಉಜ್ಜಿ ತೊಳೆಯಿರಿ. ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಬೋರ್ ಒರೆಸಿ. ಬಟ್ಟೆ ಬೂದಿ ಬಣ್ಣ ಬಂದರೆ ಇನ್ನೊಮ್ಮೆ ತೊಳೆಯಿರಿ. ಒಣಗಿದ ತಕ್ಷಣ ಆಯಿಲ್ ಹಚ್ಚಿ, ಇಲ್ಲದಿದ್ದರೆ ತುಕ್ಕು.

ರಿಂಗ್ ಮೇಲೆ ಟಾಪ್ ಅಂತ ಅಥವಾ ಚುಕ್ಕೆ ಇದ್ದರೆ ಅದು ಮೇಲ್ಮುಖ. ಬಾಯಿಗಳು ಒಂದೇ ಸಾಲಿಗೆ ಬರಬಾರದು. ಮೂರು ರಿಂಗ್ ಇದ್ದರೆ 120 ಡಿಗ್ರಿ ದೂರ ದೂರ ಇಡಿ. ಪಿಸ್ಟನ್ ತಲೆಯ ಬಾಣದ ಗುರುತು ಯಾವ ಕಡೆಗೆ ಅಂತ ಹಳೆಯದನ್ನು ಬಿಚ್ಚುವಾಗಲೇ ಬರೆದಿಟ್ಟುಕೊಂಡಿರಬೇಕು. ಬ್ಲಾಕ್ ಫೇಸಿಂಗ್ (ಮೇಲ್ಮೈ ಕೆತ್ತಿ ಸಮ ಮಾಡುವುದು) ಮಾಡಿಸಿದ್ದರೆ ಪಿಸ್ಟನ್ ಮೇಲೆ ಎಷ್ಟು ಚಾಚುತ್ತದೆ ಅಂತ ಡಯಲ್ ಇಟ್ಟು ನೋಡಿಯೇ ಹೆಡ್ ಕೂರಿಸಿ.

ಹೊಳಲ್ಕೆರೆ_ಟಿಪ್ಪರ್

ಸ್ಟಾರ್ಟ್ ಮಾಡಿದ ಮೇಲೆ ಇಡೀ ರಾತ್ರಿ ಲೋಡ್ ಇಲ್ಲದೆ ನಿಂತಲ್ಲೇ ಸ್ಲೋನಲ್ಲಿ ಬಿಡಬೇಕು. ಆಗ ರಿಂಗ್ ಕೂರುತ್ತದೆ. ಹಳೇ ಮೆಕ್ಯಾನಿಕ್‌ಗಳೆಲ್ಲ ಹಾಗೇ ಮಾಡುತ್ತಿದ್ದರು.

ಹರಿಹರದ_ಲೇತ್

ಅದನ್ನು ಮಾಡಲೇಬೇಡಿ. ರಿಂಗನ್ನು ಗೋಡೆಗೆ ಒತ್ತುವುದು ಅದರ ಹಿಂದೆ ಹೋಗುವ ಗ್ಯಾಸಿನ ಒತ್ತಡ. ಸ್ಲೋನಲ್ಲಿ ಒತ್ತಡ ಇರುವುದಿಲ್ಲ. ಹೋನಿಂಗ್ ಗೆರೆಗಳ ಮೇಲೆ ಆಯಿಲ್ ಸುಟ್ಟು ಕನ್ನಡಿಯ ಹಾಗೆ ನುಣುಪಾಗುತ್ತದೆ. ಆಮೇಲೆ ಆ ರಿಂಗ್ ಯಾವತ್ತೂ ಕೂರಲ್ಲ. ಮತ್ತೆ ಬಿಚ್ಚಿ ಹೋನಿಂಗ್ ಮಾಡಬೇಕಾಗುತ್ತದೆ.

ಸ್ಟಾರ್ಟ್ ಮಾಡಿ, ಆಯಿಲ್ ಪ್ರೆಶರ್ ನೋಡಿ, ಸೋರಿಕೆ ನೋಡಿ, ಬಿಸಿ ಆದ ಮೇಲೆ ರಸ್ತೆಗೆ ತೆಗೆಯಿರಿ. ಅರ್ಧ ಲೋಡ್ ಇರಲಿ. ಸ್ಪೀಡ್ ಏರಿಸುತ್ತಾ ಇಳಿಸುತ್ತಾ ಓಡಿಸಿ. ಮೊದಲ ಆಯಿಲ್ ಬೇಗ ಬದಲಾಯಿಸಿ, 500ರಿಂದ 1000 ಕಿ.ಮೀ. ಒಳಗೆ.

ಹೊಳಲ್ಕೆರೆ_ಟಿಪ್ಪರ್

ನಮ್ಮ ಗುರುಗಳು ರಾತ್ರಿಯೆಲ್ಲ ಬಿಟ್ಟ ಇಂಜಿನ್‌ಗಳೂ ಓಡಿದವಲ್ಲ?

ಪಿಬಿ_ರೋಡ್_ಮೆಕ್ಯಾನಿಕ್

ಆಗಿನ ಸಾದಾ ರಿಂಗ್ ಮೆತ್ತಗಿರುತ್ತಿತ್ತು, ಹೇಗೋ ಕೂರುತ್ತಿತ್ತು. ಈಗ ಇವರು ಹಾಕಿಸುವುದು ಕ್ರೋಮ್. ಅದು ಗಟ್ಟಿ, ಕೂರಲು ಲೋಡ್ ಬೇಕೇ ಬೇಕು. ಈ ವಿಷಯದಲ್ಲಿ ಯಜಮಾನ್ರ ಪಕ್ಷ ನಾನು.

ಜಗಳೂರು_ಟ್ರ್ಯಾಕ್ಟರ್

ನಮ್ಮ ಟ್ರ್ಯಾಕ್ಟರ್‌ಗೂ ಇದೇ ಥರ ಸ್ಲೀವ್ ಬೋರ್ ಕೊಡಬೇಕಾ? ಅದರ ಲೈನರ್ ಹೊರಗೆ ನೀರು ಇರುತ್ತದೆ ಅಂತಾರೆ.

ಹರಿಹರದ_ಲೇತ್

ಅದು ವೆಟ್ ಲೈನರ್ ತಮ್ಮಾ. ಅದಕ್ಕೆ ಬೋರ್ ಕೊಡುವ ಕೆಲಸ ಇಲ್ಲ, ರೆಡಿ ಬರುತ್ತದೆ. ಲೈನರ್, ಪಿಸ್ಟನ್, ರಿಂಗ್ ಸೇರಿ ಒಂದೇ ಕಿಟ್ ತನ್ನಿ. ಕೆಳಗಿನ ರಬ್ಬರ್ ರಿಂಗ್ ಹೊಸದೇ ಹಾಕಿ, ಸೋಪಿನ ನೀರು ಹಚ್ಚಿ ಕೈಯಲ್ಲೇ ಇಳಿಸಿ. ಮೇಲಿನ ಅಂಚು ಬ್ಲಾಕ್‌ಗಿಂತ ಎಷ್ಟು ಎತ್ತರ ನಿಲ್ಲಬೇಕು ಅಂತ ಮ್ಯಾನ್ಯುಯಲ್ ನೋಡಿ ಅಳೆಯಿರಿ. ಹೆಡ್ ಕೂರಿಸುವ ಮೊದಲು ರೇಡಿಯೇಟರ್‌ಗೆ ನೀರು ಹಾಕಿ, ಚೇಂಬರ್ (ಕೆಳಗಿನ ಆಯಿಲ್ ತೊಟ್ಟಿ) ಕಡೆಗೆ ತೊಟ್ಟಿಕ್ಕುತ್ತಾ ಅಂತ ಒಂದು ರಾತ್ರಿ ಬಿಟ್ಟು ನೋಡಿ.

ಜಗಳೂರು_ಟ್ರ್ಯಾಕ್ಟರ್

ಹೆಡ್ ಇಲ್ಲದೆ ರೇಡಿಯೇಟರ್ ತುಂಬಿದರೆ ಮೇಲಿನ ತೂತುಗಳಿಂದ ನೀರು ಉಕ್ಕಲ್ವಾ?

ಹರಿಹರದ_ಲೇತ್

ಸರಿಯಾಗಿ ಕೇಳಿದೆ. ರೇಡಿಯೇಟರ್ ಬೇಡ, ಬ್ಲಾಕ್ ಮೇಲಿನ ನೀರಿನ ತೂತುಗಳಿಂದಲೇ ತುಂಬಿ, ಅಂಚಿಗಿಂತ ಸ್ವಲ್ಪ ಕೆಳಗೆ ನಿಲ್ಲಿಸು. ಕೆಳಗಿನ ಹೋಸಿನ ಬಾಯಿಗೆ ಮೊದಲು ಬಿರಡೆ ಹಾಕಿಕೊ.